ಹುಲ್ಲು ಕಡಿಮೆ, ನಕ್ಷತ್ರ ಜಾಸ್ತಿ

ಅಭಯಾರಣ್ಯ ಎಂದ ಮೇಲೆ ಅದರೊಳಗೆ ಅರಣ್ಯ ಇರಲೇಬೇಕು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹೆಸರಿನಲ್ಲೇ ಇದೆಯಲ್ಲ! ಆದರೆ ಲಡಾಖ್‌ನ ಪೂರ್ವ ಭಾಗದಲ್ಲಿ, ಟಿಬೆಟ್ ಗಡಿಯ ಪಕ್ಕದಲ್ಲೇ, ಒಂದು ಅಭಯಾರಣ್ಯವಿದೆ. ವಿಸ್ತಾರ ಸುಮಾರು 4,000 ಚದರ ಕಿಲೋಮೀಟರ್. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದಂಥ ನಾಲ್ಕನ್ನು ತಂದಿಟ್ಟರೂ ಅಲ್ಲಿ ಇನ್ನೂ ಜಾಗ ಮಿಗುತ್ತದೆ. ಅಷ್ಟು ದೊಡ್ಡ ಜಾಗದಲ್ಲಿ ಊರುಗಳ ಹತ್ತಿರ ಜನ ನೆಟ್ಟು ಬೆಳೆಸಿದ ಒಂದಿಷ್ಟು ಗಿಡಗಳನ್ನು ಬಿಟ್ಟರೆ ಮರ ಎನ್ನುವಂಥದ್ದು ಕಣ್ಣಿಗೆ ಬೀಳುವುದಿಲ್ಲ. 1987ರಲ್ಲಿ ಘೋಷಣೆಯಾದ ಇದರ ಹೆಸರು ಚಾಂಗ್‌ಥಾಂಗ್ ಶೀತ ಮರುಭೂಮಿ ವನ್ಯಜೀವಿ ಅಭಯಾರಣ್ಯ. ಚಾಂಗ್‌ಥಾಂಗ್ ಎಂದರೆ ಅಲ್ಲಿಯವರ ಮಾತಿನಲ್ಲಿ ಉತ್ತರದ ಬಯಲು.

"ಹಾಗಾದರೆ ಇದನ್ನು ಅಭಯಮರುಭೂಮಿ ಅನ್ನಬೇಕು ತಾತ" ಎಂದಳು ಎಂಟನೇ ತರಗತಿಯ ನನ್ನ ಮೊಮ್ಮಗಳು. ವ್ಯಾಕರಣ ಗೊತ್ತಿದ್ದವರು ಹೌದೋ ಅಲ್ಲವೋ ಹೇಳಲಿ, ನನಗಂತೂ ಒಪ್ಪಿಗೆಯಾಯಿತು.

ಮರುಭೂಮಿ ಎಂದರೆ ಸುಡುವ ಮರಳು, ಒಂಟೆ, ಖರ್ಜೂರ ಎಂಬ ಚಿತ್ರ ನಮ್ಮ ತಲೆಯಲ್ಲಿರುತ್ತದೆ. ನಿಜವಾಗಿ ಮರುಭೂಮಿಗೆ ಬೇಕಾದದ್ದು ಬಿಸಿಲಲ್ಲ, ನೀರಿನ ಅಭಾವ. ಇದು ನಮ್ಮ ಮಕ್ಕಳಿಗೆ ಅರ್ಥವಾಗುವುದು ಸುಲಭ. ಆಗುಂಬೆಯಲ್ಲಿ ಸುರಿಸುರಿದು ಸುಸ್ತಾದ ಮೋಡ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಖಾಲಿ ಕೊಡವಾಗಿರುತ್ತದೆ. ಅಡ್ಡ ನಿಂತ ಪಶ್ಚಿಮ ಘಟ್ಟವೇ ಅದಕ್ಕೆ ಕಾರಣ. ಆ ಘಟ್ಟದ ಜಾಗದಲ್ಲಿ ಹಿಮಾಲಯವನ್ನು ನಿಲ್ಲಿಸಿ ನೋಡಿ. ಆಚೆ ಬದಿಗೆ ದಾಟುವುದು ಬರೀ ಗಾಳಿ. ಲೇಹ್ ಪಟ್ಟಣದಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿಸಿದರೂ ಸುಮಾರು 10 ಸೆಂಟಿಮೀಟರ್, ಅಷ್ಟೇ. ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನ ಬಿದ್ದರೂ ಯಾರೂ ಬೆರಗಾಗುವುದಿಲ್ಲ.

ನಾವು ಹೋಗಿದ್ದು ಬೇಸಿಗೆ ರಜೆಯ ಕೊನೆಯ ವಾರ, ಮೇ ತಿಂಗಳಲ್ಲಿ. ನಾನು, ಮಗ, ಸೊಸೆ, ಮೊಮ್ಮಗಳು. ಎಪ್ಪತ್ತು ದಾಟಿದವನು ಅಷ್ಟು ಎತ್ತರಕ್ಕೆ ಹೋಗುವುದೆಂದರೆ ಮನೆಯಲ್ಲಿ ಸಣ್ಣ ಗಲಾಟೆ ನಡೆಯದೆ ಇರುತ್ತದೆಯೇ? ವೈದ್ಯರು ಎದೆಯ ಪರೀಕ್ಷೆ ಮಾಡಿ, ಮಾತ್ರೆ ಬರೆದುಕೊಟ್ಟು, "ಹೋಗಿ, ಆದರೆ ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಬಿದ್ದುಕೊಂಡಿರಿ" ಎಂದರು. ಹಾಗೆಯೇ ಮಾಡಿದೆವು. ನಾವು ನೋಡಬೇಕೆಂದಿದ್ದ ಹಾನ್ಲೆ ಇರುವುದು ಸುಮಾರು 4,300 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅದು ಹಾನ್ಲೆಯ ಮಟ್ಟಕ್ಕೆ ಬರುವುದಿಲ್ಲ. ಅಲ್ಲಿ ಒಂದು ಉಸಿರಿಗೆ ಸಿಗುವ ಗಾಳಿ ಸಮುದ್ರಮಟ್ಟದಲ್ಲಿ ಸಿಗುವುದರ ಶೇಕಡ 60ರಷ್ಟು.

ಲೇಹ್‌ನಿಂದ ಹಾನ್ಲೆಗೆ ಸುಮಾರು 250 ಕಿಲೋಮೀಟರ್, ಒಂದು ಇಡೀ ಹಗಲಿನ ದಾರಿ. ಬಹುಪಾಲು ದೂರ ಸಿಂಧೂ ನದಿ ಪಕ್ಕದಲ್ಲೇ ಬರುತ್ತದೆ. "ಗಂಗೇಚ ಯಮುನೇಚೈವ" ಎಂದು ದಿನವೂ ಸ್ನಾನದ ನೀರಿನಲ್ಲಿ ಕರೆಯುವ ಏಳು ನದಿಗಳಲ್ಲಿ ಒಂದನ್ನು ನೋಡಲು ನನಗೆ ಎಪ್ಪತ್ತು ದಾಟಬೇಕಾಯಿತು. ಬೆಟ್ಟಗಳಿಗೆ ಒಂದು ಬಣ್ಣವಲ್ಲ. ನೇರಳೆ, ಇಟ್ಟಿಗೆ, ಅರಿಶಿನ, ಬೂದಿ. ಚುಮಾಥಾಂಗ್ ಎಂಬಲ್ಲಿ ನದಿಯ ದಂಡೆಯಲ್ಲೇ ಬಿಸಿನೀರಿನ ಬುಗ್ಗೆಗಳು. ಅದನ್ನು ದಾಟಿ ಮಾಹೆ, ನ್ಯೋಮಾ, ಲೋಮಾ. ಗಡಿ ಹತ್ತಿರವಾದ್ದರಿಂದ ಅಲ್ಲಲ್ಲಿ ತಡೆದು ಕಾಗದಪತ್ರ ನೋಡುತ್ತಾರೆ. ಮೇಲೆ ಏರಿದಂತೆಲ್ಲ ನಾವು ಒಯ್ದಿದ್ದ ಚಕ್ಕುಲಿ ಪೊಟ್ಟಣ ಬಲೂನಿನಂತೆ ಉಬ್ಬತೊಡಗಿತು. ಒಳಗಿರುವುದು ಬೆಂಗಳೂರಿನ ಗಾಳಿ, ಹೊರಗಿರುವುದು ತೆಳು ಗಾಳಿ; ಒಳಗಿನದು ಹೊರಗಿನದನ್ನು ತಳ್ಳುತ್ತದೆ. ಪಾಠದಲ್ಲಿ ಓದಿದ ವಾಯುಭಾರವನ್ನು ಮೊಮ್ಮಗಳು ಕೈಯಲ್ಲಿ ಹಿಡಿದು ನೋಡಿದಳು.

ನ್ಯೋಮಾದಲ್ಲಿ ಚಹಾಕ್ಕೆ ನಿಂತಾಗ ಮೂರು ನಾಯಿಗಳು ಬಾಲ ಆಡಿಸುತ್ತ ಬಂದವು. ಮೈತುಂಬ ಉಣ್ಣೆ, ಕರಡಿ ಮರಿಗಳಂತಿದ್ದವು. ಮೊಮ್ಮಗಳು ಬಿಸ್ಕತ್ತು ತೆಗೆದಳು. ನಮ್ಮ ಡ್ರೈವರ್, ಮೂವತ್ತರ ಲಡಾಖಿ ಹುಡುಗ, ತುಂಬ ಮಿತಭಾಷಿ, ಅವಳ ಕೈ ಮುಂದೆ ತನ್ನ ಕೈ ಅಡ್ಡ ಹಿಡಿದ. "ಬೇಡ ತಂಗಿ" ಎಂದ, ಅಷ್ಟೇ. ಅವಳ ಮುಖ ಸಣ್ಣದಾಯಿತು. ಕಾರಣ ನಮಗೆ ಗೊತ್ತಾದದ್ದು ಮರುದಿನ.

ಲೋಮಾ ದಾಟಿ ಹಾನ್ಲೆಯ ಕಡೆ ತಿರುಗಿದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಮೊದಲ ನೋಟಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಆ ಏನೂ ಇಲ್ಲದ ಜಾಗದಿಂದ ಇದ್ದಕ್ಕಿದ್ದಂತೆ ಹತ್ತು ಹನ್ನೆರಡು ಪ್ರಾಣಿಗಳು ಎದ್ದು ನಮ್ಮ ಗಾಡಿಯ ಜೊತೆಗೇ ಓಡತೊಡಗಿದವು. ಕಂದು ಬೆನ್ನು, ಬಿಳಿ ಹೊಟ್ಟೆ, ಕುದುರೆಯ ನಿಲುವು. ಇವು ಕಿಯಾಂಗ್, ಅಂದರೆ ಟಿಬೆಟಿನ ಕಾಡುಕತ್ತೆ. ಲೋಕದ ಕಾಡುಕತ್ತೆಗಳಲ್ಲೆಲ್ಲ ದೊಡ್ಡದು. ಕತ್ತೆ ಎಂದು ಬರೆಯಲು ಕೈ ಏಳುವುದಿಲ್ಲ, ಅಷ್ಟು ಗಂಭೀರ ಪ್ರಾಣಿ. ಅರ್ಧ ಕಿಲೋಮೀಟರ್ ಜೊತೆಗೆ ಓಡಿ, ಆಮೇಲೆ ವೇಗ ಹೆಚ್ಚಿಸಿ ನಮ್ಮ ಮುಂದೆಯೇ ರಸ್ತೆ ದಾಟಿ, ಆ ಬದಿಗೆ ನಿಂತು ತಿರುಗಿ ನೋಡಿದವು. ಗೆದ್ದವರ ನೋಟ. ಡ್ರೈವರ್ ಮಾತ್ರ ಅವು ಓಡಲು ಶುರು ಮಾಡಿದ ಕೂಡಲೇ ವೇಗ ತಗ್ಗಿಸಿದ್ದ. ಕೆಲವು ಪ್ರವಾಸಿಗಳು ವಿಡಿಯೋ ಆಸೆಗೆ ಬಯಲಿಗೇ ಗಾಡಿ ಇಳಿಸಿ ಅಟ್ಟಿಸಿಕೊಂಡು ಹೋಗುತ್ತಾರಂತೆ. ಆ ತೆಳು ಗಾಳಿಯಲ್ಲಿ ಓಡುವುದೆಂದರೆ ಸುಮ್ಮನೆ ಅಲ್ಲ. ಅಲ್ಲದೆ ಚಕ್ರ ಹರಿದ ಹುಲ್ಲು ಮತ್ತೆ ಚಿಗುರಲು ಅಲ್ಲಿ ವರ್ಷಗಳೇ ಬೇಕು.

ಆ ಹುಲ್ಲಿನ ಸುದ್ದಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು. ಎಲ್ಲಿ ಹೋದರೂ ಜಮಾ ಎಷ್ಟು ಖರ್ಚು ಎಷ್ಟು ಎಂದು ಕಣ್ಣು ಹುಡುಕುತ್ತದೆ. ಚಾಂಗ್‌ಥಾಂಗ್‌ನ ಖಾತೆಗೆ ಜಮಾ ಆಗುವುದು ಬೇಸಿಗೆಯ ಮೂರು ನಾಲ್ಕು ತಿಂಗಳು ಬೆಳೆಯುವ ಗಿಡ್ಡ ಹುಲ್ಲು ಮತ್ತು ಮುಳ್ಳುಪೊದೆ. ಉಳಿದ ತಿಂಗಳೆಲ್ಲ ಅದರಲ್ಲೇ ಸಾಗಬೇಕು. ಚಳಿಗಾಲದ ರಾತ್ರಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವ ಊರು ಅದು. ಮಾರ್ಮಟ್ ಎಂಬ ಗುಂಡು ಪ್ರಾಣಿ, ಅಳಿಲಿನ ಜಾತಿ ಆದರೆ ಬೆಕ್ಕಿಗಿಂತ ದಪ್ಪ, ಬೇಸಿಗೆಯಲ್ಲಿ ತಿಂದು ಕೊಬ್ಬು ಕೂಡಿಸಿಕೊಂಡು ಹೆಚ್ಚುಕಡಿಮೆ ಅರ್ಧ ವರ್ಷ ಬಿಲದಲ್ಲಿ ನಿದ್ದೆ ಹೊಡೆಯುತ್ತದೆ. ಫಿಕ್ಸೆಡ್ ಡಿಪಾಸಿಟ್ ಇಟ್ಟು ಬಡ್ಡಿಯಲ್ಲಿ ಬದುಕುವವರ ಹಾಗೆ. ಕಿಯಾಂಗ್‌ಗೆ ಆ ಅನುಕೂಲವಿಲ್ಲ, ಹಿಮ ಕೆದಕಿ ಮೇಯಬೇಕು.

ಅದೇ ಹುಲ್ಲನ್ನು ನಂಬಿದ ಮನುಷ್ಯರೂ ಅಲ್ಲಿದ್ದಾರೆ. ಅವರು ಚಾಂಗ್‌ಪಾ ಜನ, ಕುರಿ, ಆಡು, ಯಾಕ್‌ಗಳ ಜೊತೆ ಊರೂರು ತಿರುಗುವ ಪಶುಪಾಲಕರು. ಯಾಕ್ ಕೂದಲಿನಿಂದ ನೇಯ್ದ ಅವರ ಕಪ್ಪು ಡೇರೆಗೆ ರೆಬೋ ಎಂದು ಹೆಸರು. ನಮ್ಮ ಕಡೆ ಮದುವೆ ಮನೆಗಳಲ್ಲಿ ಶ್ರೀಮಂತರು ಹೊದೆಯುವ ಪಶ್ಮೀನಾ ಶಾಲು ಹುಟ್ಟುವುದು ಇವರ ಆಡುಗಳ ಮೈಮೇಲೆ. ಹೊರಗಿನ ಒರಟು ಕೂದಲಿನ ಅಡಿಯಲ್ಲಿ, ಚಳಿ ತಡೆಯಲೆಂದು ಆಡು ಬೆಳೆಸಿಕೊಳ್ಳುವ ಒಳಉಣ್ಣೆ ಅದು. ನಮ್ಮ ತಲೆಗೂದಲಿನ ಐದನೆಯ ಒಂದು ಭಾಗದಷ್ಟು ಸಣ್ಣ ಎಳೆ. ಮೇ, ಜೂನ್‌ನಲ್ಲಿ ಆಡು ಅದನ್ನು ಉದುರಿಸುವ ಹೊತ್ತಿಗೆ ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ನಾವು ನೋಡಿದೆವು. ಒಬ್ಬ ಅಜ್ಜಿ ಆಡಿನ ಕಾಲು ಕಟ್ಟಿ ಮಲಗಿಸಿಕೊಂಡು, ಮೊಮ್ಮಗಳಿಗೆ ಹೇನು ಬಾಚುವವರಂತೆ ತಾಳ್ಮೆಯಿಂದ ಬಾಚುತ್ತಿದ್ದರು. ಒಂದು ಆಡಿಗೆ ವರ್ಷಕ್ಕೆ ಸಿಗುವುದು ಕಾಲು ಕಿಲೋ ಉಣ್ಣೆ. ಒಂದು ಶಾಲಿಗೆ ಮೂರು ಆಡುಗಳಾದರೂ ಬೇಕು.

ಶಾಲಿಗೆ ಬೆಲೆ ಬಂದಂತೆ ಆಡು ಹೆಚ್ಚಿದವು. ಹುಲ್ಲು ಹೆಚ್ಚಲಿಲ್ಲ. ನಮ್ಮ ಹುಲ್ಲನ್ನೆಲ್ಲ ಕಿಯಾಂಗ್ ತಿನ್ನುತ್ತದೆ ಎಂಬುದು ಅಲ್ಲಿಯ ಕುರಿಗಾಹಿಗಳ ದೂರು. ಇದನ್ನು ಹಾನ್ಲೆ ಕಣಿವೆಯಲ್ಲೇ ಲೆಕ್ಕ ಹಾಕಿ ನೋಡಿದವರು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ವಿಜ್ಞಾನಿಗಳು. ಸಾಕುಪ್ರಾಣಿಗಳು ಮೇಯುವುದಕ್ಕೆ ಹೋಲಿಸಿದರೆ ಕಿಯಾಂಗ್ ತಿನ್ನುವ ಪಾಲು ಬಹಳ ಚಿಕ್ಕದು ಎಂದು ಕಂಡುಬಂತು. ಹಾಗೆಂದು ಕುರಿಗಾಹಿಯನ್ನು ಬೈಯಲು ನನಗೆ ಮನಸ್ಸಿಲ್ಲ. 2013ರ ಚಳಿಗಾಲದಲ್ಲಿ ವಿಪರೀತ ಹಿಮ ಬಿದ್ದು ಚಾಂಗ್‌ಥಾಂಗ್‌ನಲ್ಲಿ ಸಾವಿರಾರು ಆಡು ಕುರಿ ಮೇವಿಲ್ಲದೆ ಸತ್ತವು. ಕಣ್ಣೆದುರು ಹಾಗೆ ಆದವರಿಗೆ ಬಯಲಿನಲ್ಲಿ ಮೇಯುವ ಪ್ರತಿ ಬಾಯಿಯೂ ತನ್ನ ಮನೆಯದನ್ನೇ ತಿನ್ನುವಂತೆ ಕಂಡರೆ ಆಶ್ಚರ್ಯವೇನು?

ಈ ಹಂಚಿಕೆಯಲ್ಲಿ ಸೋತವನು ಒಬ್ಬನಿದ್ದಾನೆ. "ಗೋವಾ ನೋಡಿದ್ದೀರಾ?" ಎಂದು ಡ್ರೈವರ್ ಕೇಳಿದ. "ಎರಡು ಸಲ" ಎಂದ ನನ್ನ ಮಗ. ಡ್ರೈವರ್ ಗಾಡಿ ನಿಲ್ಲಿಸಿ ಅವನನ್ನೇ ನೋಡಿದ. ಗೋವಾ ಎಂದರೆ ಟಿಬೆಟಿನ ಪುಟ್ಟ ಹುಲ್ಲೆ, ಬಿಳಿ ಹೃದಯದ ಗುರುತನ್ನು ಹಿಂಬದಿಗೆ ಅಂಟಿಸಿಕೊಂಡ ಜಿಂಕೆಯಂಥ ಪ್ರಾಣಿ. ಒಂದು ಕಾಲಕ್ಕೆ ಈ ಬಯಲುಗಳಲ್ಲಿ ಸಾಕಷ್ಟಿತ್ತು. ಬೇಟೆಯಿಂದ ಒಂದಷ್ಟು ಹೋಯಿತು, ಹುಲ್ಲಿನ ಪೈಪೋಟಿಯಿಂದ ಉಳಿದದ್ದು. ಈಗ ಇಡೀ ಲಡಾಖ್‌ನಲ್ಲಿ ನೂರಕ್ಕಿಂತ ಕಡಿಮೆ ಎಂದು ಅಂದಾಜು. ಅವೂ ಬಹುಪಾಲು ಹಾನ್ಲೆ ಸುತ್ತಮುತ್ತಲೇ. ನಮ್ಮ ಗೋವಾಕ್ಕೆ ಎರಡು ಸಲ ಹೋದ ಮಗನಿಗೆ ಈ ಗೋವಾ ಒಮ್ಮೆಯೂ ಸಿಗಲಿಲ್ಲ.

ತೋಳದ ಕಥೆ ಇದಕ್ಕಿಂತ ಪರವಾಗಿಲ್ಲ. ಕುರಿ ಹಿಡಿಯುವ ತೋಳಕ್ಕೆ ಹಿಂದಿನವರು ಶಾಂಗ್‌ಡಾಂಗ್ ಎಂಬ ಕಲ್ಲಿನ ಗುಂಡಿ ಕಟ್ಟುತ್ತಿದ್ದರು. ಗೋಡೆ ಒಳಮುಖವಾಗಿ ವಾಲಿರುತ್ತದೆ. ಒಳಗೆ ಒಂದು ಕುರಿಯನ್ನು ಬಿಟ್ಟರೆ ತೋಳ ಜಿಗಿಯುತ್ತದೆ, ಆದರೆ ಹೊರಗೆ ಹತ್ತಲಾಗುವುದಿಲ್ಲ. ಮುಂದಿನದನ್ನು ಮಕ್ಕಳಿಗೆ ಹೇಳುವುದು ಬೇಡ. ಇದೇ ಚಾಂಗ್‌ಥಾಂಗ್‌ನ ಚುಶೂಲ್ ಗ್ರಾಮದವರು 2018ರಲ್ಲಿ, ಮೈಸೂರಿನ ಅದೇ ಸಂಸ್ಥೆಯವರ ಜೊತೆ ಮಾತುಕತೆಯಾಡಿ, ತಮ್ಮೂರಿನ ಗುಂಡಿಗಳ ಗೋಡೆ ಒಡೆದು ದಾರಿ ಮಾಡಿದರು. ಗುಂಡಿಯನ್ನು ಪೂರ್ತಿ ಕೆಡವಲಿಲ್ಲ, ಹಿರಿಯರು ಕಟ್ಟಿದ್ದಲ್ಲವೇ? ತೋಳ ಹೊರಬರುವಷ್ಟು ಬಾಗಿಲು ತೆಗೆದು, ಪಕ್ಕದಲ್ಲೊಂದು ಸ್ತೂಪ ಕಟ್ಟಿ ಲಾಮಾಗಳಿಂದ ಪೂಜೆ ಮಾಡಿಸಿದರು.

ಮರುದಿನ ಬೆಳಗ್ಗೆ ಹಾನ್ಲೆ ನದಿಯ ಜೌಗಿಗೆ ಹೋದೆವು. ಒಣ ಬಯಲಿನ ಮಧ್ಯೆ ಹಸಿರು ಜಮಖಾನ ಹಾಸಿದಂಥ ಜಾಗ. ಅದರ ನಡುವೆ ಸಣ್ಣ ದಿಬ್ಬದ ಮೇಲೆ ನಮ್ಮ ಮೊಮ್ಮಗಳ ಎದೆಯೆತ್ತರದ ಒಂದು ಹಕ್ಕಿ ನಿಂತಿತ್ತು. ಬೂದು ಬಿಳುಪಿನ ಮೈ, ಕಾಡಿಗೆ ಬಳಿದಂಥ ಕೊರಳು, ನೆತ್ತಿಯ ಮೇಲೆ ಕುಂಕುಮದ ಬೊಟ್ಟು. ಕಪ್ಪು ಕೊರಳಿನ ಕ್ರೌಂಚ. ಲೋಕದ 15 ಜಾತಿಯ ಕ್ರೌಂಚಗಳಲ್ಲಿ ವಿಜ್ಞಾನಿಗಳ ಪುಸ್ತಕಕ್ಕೆ ಎಲ್ಲಕ್ಕಿಂತ ಕೊನೆಗೆ, 1876ರಲ್ಲಿ ಸೇರಿದ್ದು ಇದು. ಯಾರೂ ಸುಲಭವಾಗಿ ತಲುಪಲಾಗದ ಜಾಗದಲ್ಲಿ ಮನೆ ಮಾಡಿದ್ದರಿಂದ. ಭಾರತದಲ್ಲಿ ಇದು ಗೂಡು ಕಟ್ಟಿ ಮರಿ ಮಾಡುವುದು ಲಡಾಖ್‌ನ ಈ ಜೌಗುಗಳಲ್ಲಿ ಮಾತ್ರ, ಅದೂ ಕೆಲವೇ ಜೋಡಿಗಳು. ವಾಲ್ಮೀಕಿ ಮಹರ್ಷಿಗಳು ಕಂಡ ಕ್ರೌಂಚ ಜೋಡಿಯ ಕಥೆ ಮಕ್ಕಳಿಗೆ ಅಜ್ಜಿಯರು ಹೇಳಿರುತ್ತಾರಲ್ಲ, ಇದು ಆ ಹಕ್ಕಿಗಳ ನೆಂಟ. ಇವೂ ಜೋಡಿ ಬಿಡುವುದಿಲ್ಲ. ಕಾವು ಕೂರುವುದರಲ್ಲೂ ಸರದಿ.

ಈ ಹಕ್ಕಿಯನ್ನು ಹುಡುಕಿಕೊಂಡು 1976ರಲ್ಲಿ ಪೂರ್ವ ಲಡಾಖ್‌ಗೆ ಬಂದವರು ನಮ್ಮ ಪಕ್ಷಿ ಪಿತಾಮಹ ಸಾಲಿಂ ಅಲಿ. ಆಗ ಅವರಿಗೆ ಎಂಬತ್ತು ತುಂಬಲು ಕೆಲವೇ ತಿಂಗಳು ಬಾಕಿ. ಆಗಿನ ರಸ್ತೆ, ಆಗಿನ ಗಾಡಿ! ಈ ಸಂಗತಿಯನ್ನು ನಮ್ಮ ಮನೆಯ ಗಲಾಟೆಯ ಸಮಯದಲ್ಲಿ ನಾನು ಮೂರು ಸಲ ಉಪಯೋಗಿಸಿದ್ದೆ.

ದೂರದಿಂದಲೇ ನೋಡುತ್ತಿದ್ದೆವು. ದುರ್ಬೀನಿನಲ್ಲಿ ಇನ್ನೊಂದು ಹಕ್ಕಿ ಕೂತಿರುವುದೂ ಕಂಡಿತು. ಅಡಿಯಲ್ಲಿ ಎರಡು ಮೊಟ್ಟೆ ಇವೆ ಎಂದ ಡ್ರೈವರ್. ಆಗ ಜೌಗಿನ ಅಂಚಿನಲ್ಲಿ ಎರಡು ನಾಯಿಗಳು ಬಂದವು. ನಿನ್ನೆಯಂಥವೇ, ಉಣ್ಣೆ ತುಂಬಿದ ಕರಡಿ ಮರಿಗಳು. ಮೂಗು ಕೆಳಗೆ ಹಾಕಿ, ಅವಸರವಿಲ್ಲದೆ, ನೀರಿನ ಒಣ ದಾರಿ ಹುಡುಕುತ್ತ ದಿಬ್ಬದ ಕಡೆಗೇ ನಡೆದವು. ನಿಂತಿದ್ದ ಹಕ್ಕಿ ರೆಕ್ಕೆ ಅಗಲಿಸಿತು. ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಅಡಿಗೂ ಮಿಕ್ಕ ರೆಕ್ಕೆ. ಕಹಳೆಯಂತೆ ಕೂಗುತ್ತ ನಾಯಿಗಳ ಎದುರಿಗೇ ಬಂತು. ಒಂದು ನಾಯಿ ನಿಂತಿತು. ಇನ್ನೊಂದು ಪಕ್ಕದಿಂದ ಸುತ್ತು ಹಾಕಿತು. ಕೂತಿದ್ದ ಹಕ್ಕಿಯೂ ಎದ್ದಿತು. ಈಗ ಮೊಟ್ಟೆಗಳು ಬಯಲಾಗಿದ್ದವು. ಮೊಮ್ಮಗಳು ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. ನಾವು ಕೂಗಿದರೂ ಕೇಳದಷ್ಟು ದೂರ, ಓಡಿದರೆ ನಮ್ಮ ಉಸಿರೇ ನಿಲ್ಲುವಷ್ಟು ಎತ್ತರ.

ಟಪ್ಪೆಂದು ನೀರು ಚಿಮ್ಮಿತು. ನಾಯಿಯ ಮೂಗಿನ ಮುಂದೆಯೇ ಕಲ್ಲು ಬಿದ್ದಿತ್ತು. ಇನ್ನೊಂದು ಕಲ್ಲು, ಇನ್ನೂ ಹತ್ತಿರ. ಬಲಬದಿಯ ಇಳಿಜಾರಿನಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು ಕವಣೆ ಬೀಸುತ್ತಿದ್ದರು. ಹೌದು, ಕವಣೆಯೇ! ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಹಕ್ಕಿ ಓಡಿಸಲು ನಮ್ಮ ಹಿಂದಿನವರು ಬೀಸುತ್ತಿದ್ದರಲ್ಲ, ಅದೇ. ಚಾಂಗ್‌ಪಾ ಜನ ಮಂದೆ ತಿರುಗಿಸಲು ಉಣ್ಣೆಯ ಕವಣೆ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಹಕ್ಕಿ ಓಡಿಸಿದ ಕವಣೆ ಅಲ್ಲಿ ಹಕ್ಕಿಯನ್ನು ಕಾಯಿತು. ಮೂರನೆಯ ಕಲ್ಲಿಗೆ ನಾಯಿಗಳು ಹಿಂತಿರುಗಿದವು. ಹೆಣ್ಣೋ ಗಂಡೋ, ಒಂದು ಹಕ್ಕಿ ಮತ್ತೆ ಮೊಟ್ಟೆಗಳ ಮೇಲೆ ಕೂತಿತು. ಹೆಂಗಸು ನಮ್ಮ ಕಡೆ ನೋಡಲೂ ಇಲ್ಲ, ಆಡುಗಳ ಹಿಂದೆ ಹೊರಟುಹೋದರು.

"ರಾತ್ರಿ ಮತ್ತೆ ಬರುತ್ತವೆ" ಎಂದ ಡ್ರೈವರ್. "ಹೋದ ವರ್ಷ ಇದೇ ಜೋಡಿಯ ಎರಡೂ ಮೊಟ್ಟೆ ಹೋದವು, ಮೇಮೆ-ಲೇ." ಮೇಮೆ ಎಂದರೆ ತಾತ, ಲೇ ಎಂದರೆ ನಮ್ಮ ‘ಅವರು’ ಇದ್ದಂತೆ. ಆಮೇಲೆ ಅವನು ಮೊದಲ ಬಾರಿಗೆ ಉದ್ದ ಮಾತಾಡಿದ. ಶಿಬಿರಗಳು, ರಸ್ತೆ ಕೆಲಸದ ಡೇರೆಗಳು, ಹೆಚ್ಚುತ್ತಿರುವ ವಸತಿಗೃಹಗಳು, ಇವೆಲ್ಲದರ ಎಂಜಲು ಹೊರಗೆ ಬೀಳುತ್ತದೆ. ಅದನ್ನು ತಿಂದು ನಾಯಿಗಳು ಹೆಚ್ಚುತ್ತವೆ. ಪ್ರವಾಸಿಗರು ಪಾಪ ಎಂದು ಬಿಸ್ಕತ್ತು ಹಾಕುತ್ತಾರೆ. ಚಳಿಗಾಲಕ್ಕೆ ಪ್ರವಾಸಿಗರೂ ಇಲ್ಲ, ಎಂಜಲೂ ಇಲ್ಲ. ಬೇಸಿಗೆಯಲ್ಲಿ ಹುಟ್ಟಿದ ನಾಯಿಗಳು ಮಾತ್ರ ಉಳಿದಿರುತ್ತವೆ. ಹಸಿದ ಗುಂಪು ಕುರಿ ಹಿಡಿಯುತ್ತದೆ, ಮಾರ್ಮಟ್ ಹಿಡಿಯುತ್ತದೆ, ವಸಂತಕ್ಕೆ ಮೊಟ್ಟೆ. ತೋಳಕ್ಕಿಂತ ನಾಯಿಯದೇ ಕಾಟ ಈಗ ಎನ್ನುತ್ತಾರಂತೆ ಅಲ್ಲಿಯವರು. ಮೊಮ್ಮಗಳು ಏನೂ ಹೇಳಲಿಲ್ಲ. ನಾಯಿ ಎಂದರೆ ಅವಳಿಗೆ ಪ್ರಾಣ. "ನಾಯಿಗಳದ್ದೇನು ತಪ್ಪು?" ಎಂದು ಸಂಜೆ ಕೇಳಿದಳು. ತಪ್ಪೇನೂ ಇಲ್ಲ. ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಬೇಕು, ಎಂಜಲನ್ನು ಮುಚ್ಚಿಡಬೇಕು, ಎರಡೂ ಮನುಷ್ಯರು ಮಾಡಬೇಕಾದ ಕೆಲಸ.

ರಾತ್ರಿಯ ವಿಷಯಕ್ಕೆ ಬರೋಣ. ನಾವು ಉಳಿದ ಮನೆಯಲ್ಲಿ ಕತ್ತಲಾದ ಕೂಡಲೇ ಅಜ್ಜಿ, ಅಲ್ಲಿಯ ಮಾತಿನಲ್ಲಿ ಅಬಿ-ಲೇ, ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದರು. ಚಳಿಗೆ ಅಂದುಕೊಂಡೆ. ಬೆಳಕಿಗೆ! ಒಳಗಿನ ದೀಪ ಹೊರಗೆ ಕಾಣಬಾರದು. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಗಾಢ ಕತ್ತಲಿನ ಆಕಾಶದ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ಪ್ರಾಣಿಗೆ ಅಭಯ ಇದ್ದಂತೆ ಕತ್ತಲಿಗೂ ಅಭಯ. ರಾತ್ರಿ ಗಾಡಿಗಳ ದೊಡ್ಡ ದೀಪ ಹಾಕುವಂತಿಲ್ಲ, ಹೊರಗಿನ ಬಲ್ಬಿಗೆ ನೆಲದ ಕಡೆ ಮುಖ ಮಾಡಿದ ಮುಚ್ಚಿಗೆ ಬೇಕು. ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ದೂರದರ್ಶಕ ಕೊಟ್ಟಿದ್ದಾರೆ. ಅವರೇ ಬಂದವರಿಗೆ ಆಕಾಶ ತೋರಿಸುತ್ತಾರೆ.

ಯಾತಕ್ಕೆ ಇಷ್ಟೆಲ್ಲ ಎಂದರೆ, ಊರಿನ ಪಕ್ಕದ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಗೋಳ ವೀಕ್ಷಣಾಲಯವಿದೆ. ಅಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕದ ಕನ್ನಡಿ 2 ಮೀಟರ್ ಅಗಲ. ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದು. ಇದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಇನ್ನೂ ಸ್ವಾರಸ್ಯವೆಂದರೆ, ಆ ದೂರದರ್ಶಕವನ್ನು ಯಾವ ನಕ್ಷತ್ರದ ಕಡೆ ತಿರುಗಿಸಬೇಕು ಎಂದು ಉಪಗ್ರಹದ ಮೂಲಕ ಆಜ್ಞೆ ಹೋಗುವುದು ನಮ್ಮ ಹೊಸಕೋಟೆಯಿಂದ! ವಿಜ್ಞಾನಿ ಹೊಸಕೋಟೆಯಲ್ಲಿ ಕೂತು ಮುದ್ದೆ ಉಂಡು ಹಾನ್ಲೆಯ ಆಕಾಶ ನೋಡಬಹುದು. ವರ್ಷಕ್ಕೆ ಸುಮಾರು 270 ರಾತ್ರಿ ಅಲ್ಲಿ ಆಕಾಶ ಶುಭ್ರ. ಮೋಡ ಬಾರದಿರುವುದು ಹುಲ್ಲಿಗೆ ಶಾಪ, ದೂರದರ್ಶಕಕ್ಕೆ ವರ.

ಹತ್ತೂವರೆಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಮಫ್ಲರ್ ಸುತ್ತಿ ಹೊರಗೆ ಬಂದೆವು. ನನ್ನ ವಯಸ್ಸಿನವರಿಗೆ ಆಕಾಶಗಂಗೆ ಹೊಸದಲ್ಲ. ನಮ್ಮೂರಿಗೆ ಕರೆಂಟು ಬರುವ ಮೊದಲು ಬೇಸಿಗೆಯಲ್ಲಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿದರೆ ಅದು ದಿನವೂ ತಲೆಯ ಮೇಲೆ ಇರುತ್ತಿತ್ತು. ನನ್ನ ಮಗ ಅದನ್ನು ನೋಡಿರಲಿಲ್ಲ. ನಲವತ್ತೈದು ವರ್ಷದ ಅವನು ಬಾಯಿ ಬಿಟ್ಟು ನಿಂತಿದ್ದ. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕದ ಅರುಂಧತಿಯನ್ನು ನಾನು ಕನ್ನಡಕದಲ್ಲೇ ಕಂಡೆ. ತೆಂಕಣಕ್ಕೆ ವೃಶ್ಚಿಕದ ಕೆಂಪು ಜ್ಯೇಷ್ಠಾ, ಅದರ ಎಡಕ್ಕೆ ಹಾಲು ಉಕ್ಕಿದಂತೆ ಆಕಾಶಗಂಗೆ ಏಳುತ್ತಿತ್ತು.

ನೀವು ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ ಮಕ್ಕಳೇ. ಕೈ ನೀಟಾಗಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ದಿಗಂತದಿಂದ ಧ್ರುವ ನಕ್ಷತ್ರದವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆಯಿರಿ. ಬೆಂಗಳೂರಿನಲ್ಲಿ ಒಂದು ಮುಷ್ಟಿ ಚಿಲ್ಲರೆ, ಅಂದರೆ 13 ಡಿಗ್ರಿ. ಕಟ್ಟಡಗಳ ಮಧ್ಯೆ ಅದು ಕಂಡರೆ ಪುಣ್ಯ. ಹಾನ್ಲೆಯಲ್ಲಿ ಮೊಮ್ಮಗಳು ಅಳೆದಾಗ ಮೂರು ಮುಷ್ಟಿ ದಾಟಿತು. ಧ್ರುವ ನಕ್ಷತ್ರ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಅದೇ ಆ ಊರಿನ ಅಕ್ಷಾಂಶ. ಹಡಗಿನವರು ಶತಮಾನಗಳ ಕಾಲ ಹೀಗೆಯೇ ದಾರಿ ಕಂಡುಕೊಂಡದ್ದು.

ಹೋಗಬೇಕೆನ್ನುವ ಹಿರಿಯರಿಗೆ ಎರಡು ಮಾತು. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ವೈದ್ಯರು ಒಪ್ಪದೆ ಹೊರಡಬೇಡಿ. ಲೇಹ್‌ನಲ್ಲಿ ಎರಡು ದಿನ ವಿಶ್ರಾಂತಿ ಕಡ್ಡಾಯ. ತಲೆನೋವಿನ ಜೊತೆ ವಾಂತಿಯೋ ಉಬ್ಬಸವೋ ಬಂದರೆ ಧೈರ್ಯ ತೋರಿಸುವುದು ಬೇಡ, ಕೂಡಲೇ ಕೆಳಗೆ ಇಳಿಯಬೇಕು. ಅನ್ನದ ಆಸೆ ಇದ್ದವರು ಮನೆಯವರಿಗೆ ಮೊದಲೇ ಹೇಳಿ. ಅಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅಕ್ಕಿ ಬೇಯುವುದಿಲ್ಲ. ಟಾರ್ಚಿನ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಳ್ಳಿ. ಕಸವನ್ನು ವಾಪಸು ತನ್ನಿ.

ಜುಲೈ ಕೊನೆಯಲ್ಲಿ ಡ್ರೈವರ್ ಫೋನಿಗೆ ಒಂದು ಚಿತ್ರ ಕಳಿಸಿದ. ಎರಡು ದೊಡ್ಡ ಹಕ್ಕಿಗಳ ನಡುವೆ ಕಂದು ಬಣ್ಣದ ಒಂದು ಮರಿ. "ಒಂದೇ" ಎಂದು ಕೆಳಗೆ ಬರೆದಿದ್ದ. ಎರಡನೆಯದು ಏನಾಯಿತೆಂದು ಮೊಮ್ಮಗಳು ಕೇಳಲಿಲ್ಲ, ನಾನೂ ಹೇಳಹೋಗಲಿಲ್ಲ. ಚಿತ್ರದ ಮೂಲೆಯಲ್ಲಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಕೆಲವು ಬಾತುಗಳಿದ್ದವು. ಅವನ್ನು ಅವಳೇ ಗುರುತಿಸಿದಳು. ಪಟ್ಟೆತಲೆಯ ಹೆಬ್ಬಾತು. ಹಿಮಾಲಯವನ್ನೇ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿ; 7,000 ಮೀಟರಿಗೂ ಮೇಲೆ ಹಾರಿದ್ದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ. ತೆಳು ಗಾಳಿಯಿಂದಲೂ ಆಮ್ಲಜನಕ ಹೀರುವ ರಕ್ತ ಅದರದು. ಚಳಿಗಾಲಕ್ಕೆ ಇವು ನಮ್ಮ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಂಡು ಹಿಂಡಾಗಿ ಬರುತ್ತವೆ. ಕೆಂಪೇಗೌಡರ ಮಾಗಡಿ ಅಲ್ಲ, ಬಸ್ ಹತ್ತುವಾಗ ನೋಡಿಕೊಳ್ಳಿ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆಯೂ ಸಿಕ್ಕಿದೆ.

"ನಮ್ಮ ಹಾನ್ಲೆ ಬಾತುಗಳೇ ಬರುತ್ತವಾ ತಾತ?" ಗೊತ್ತಾಗುವುದು ಹೇಗೆ? ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದಿದೆ. ನಾವು ನೋಡಿದವುಗಳ ಕೊರಳಲ್ಲಿ ಏನೂ ಇರಲಿಲ್ಲ. ಬಾತುಗಳು ಬೆಳಕು ಹರಿಯುವಾಗ ಮೇವಿಗೆ ಹೊಲಗಳ ಕಡೆ ಹಾರುತ್ತವೆ, ಅಷ್ಟರೊಳಗೆ ನಾವು ಕೆರೆ ಏರಿಯ ಮೇಲಿರಬೇಕು. ಡಿಸೆಂಬರಿಗೆ ಗದಗಿನ ರೈಲಿಗೆ ನಾಲ್ಕು ಟಿಕೆಟ್ ತೆಗೆಸಿದ್ದೇನೆ. ದುರ್ಬೀನು ಈಗಲೇ ಅವಳ ಚೀಲದಲ್ಲಿದೆ.